ರಾಜನ ಪ್ರಾಸ, ಮೇಷ್ಟ್ರ ಗದ್ಯ

ಕೋಲ್ಕತ್ತಕ್ಕೆ ಬಂದ ಮೊದಲ ವರ್ಷದ ಪೂಜಾ ರಜೆ. ಲೇಕ್ ಮಾರ್ಕೆಟ್ಟಿನಿಂದ ಕಾಫಿ ಪುಡಿ ತಂದು ಮೆಟ್ಟಿಲು ಹತ್ತುತ್ತಿದ್ದೆ. ಎದುರು ಫ್ಲ್ಯಾಟಿನಲ್ಲಿ ಟೀವಿ ಜೋರಾಗಿತ್ತು. ಅಜ್ಜ, ಮಗ, ಮೊಮ್ಮಗಳು ಮೂವರೂ ಪರದೆಯ ಮೇಲಿನ ರಾಜನಿಗಿಂತ ಅರ್ಧ ಸೆಕೆಂಡು ಮೊದಲೇ ಅವನ ಮಾತು ಹೇಳಿ ನಗುತ್ತಿದ್ದರು. ಬಾಗಿಲಲ್ಲಿ ನಿಂತಿದ್ದ ನನ್ನನ್ನು ಒಳಗೆ ಕರೆದು ಕೂರಿಸಿದರು. ಅಂದು ನೋಡಿದ್ದು ಸತ್ಯಜಿತ್ ರಾಯ್ ಅವರ 1980ರ ‘ಹೀರಕ ರಾಜಾರ್ ದೇಶೇ’, ಅಂದರೆ ವಜ್ರರಾಜನ ನಾಡಿನಲ್ಲಿ.

ಇದು ಗೂಪಿ-ಬಾಘಾ ಸರಣಿಯ ಎರಡನೆಯ ಚಿತ್ರ. ಮೊದಲನೆಯದು 1969ರಲ್ಲಿ ಬಂತು, ರಾಯ್ ಅವರ ತಾತ ಉಪೇಂದ್ರಕಿಶೋರ್ ಬರೆದ ಕತೆಯಿಂದ. ಮೂರನೆಯದನ್ನು ಮಗ ಸಂದೀಪ್ ರಾಯ್ ನಿರ್ದೇಶಿಸಿದರು. ಒಬ್ಬ ಹಾಡುಗಾರ, ಒಬ್ಬ ಡೋಲು ಬಾರಿಸುವವ. ಭೂತರಾಜ ಕೊಟ್ಟ ವರದಿಂದ ಇವರಿಗೆ ಬೇಕಾದ ಊಟ ಬಟ್ಟೆ ಸಿಗುತ್ತದೆ. ಮಾಯದ ಪಾದರಕ್ಷೆ ತೊಟ್ಟು ಎಲ್ಲಿಗೆ ಬೇಕಾದರೂ ಹೋಗಬಹುದು. ಇವರು ಹಾಡಿ ಬಾರಿಸಿದರೆ ಕೇಳಿದವರು ನಿಂತಲ್ಲೇ ಕಲ್ಲಾಗುತ್ತಾರೆ.

ಇಷ್ಟಾದರೆ ಅಜ್ಜಿ ಕತೆ. ಎರಡನೆಯ ಚಿತ್ರದಲ್ಲಿ ಅಜ್ಜಿ ಕತೆಯೊಳಗೆ ಒಂದು ಯಂತ್ರ ಬಂದು ಕೂರುತ್ತದೆ. ವಜ್ರದ ಗಣಿಯ ರಾಜನಿಗೆ ಒಬ್ಬ ವಿಜ್ಞಾನಿ ಮಿದುಳು ತೊಳೆಯುವ ಕೋಣೆ ಕಟ್ಟಿಕೊಡುತ್ತಾನೆ. ಕಂದಾಯ ಕಟ್ಟಲಾಗದ ರೈತ, ಹೊಟ್ಟೆ ತುಂಬದ ಗಣಿ ಕಾರ್ಮಿಕ, ಯಾರು ಗೊಣಗಿದರೂ ಆ ಕೋಣೆಗೆ ದೂಡುತ್ತಾರೆ. ಆಸ್ಥಾನ ಕವಿ ಬರೆದ ಎರಡು ಸಾಲಿನ ಮಂತ್ರ ತಲೆಗಿಳಿಯುತ್ತದೆ. ಹೊರಗೆ ಬಂದವನು ಅದನ್ನೇ ಜಪಿಸುತ್ತಾನೆ. ಶಾಲೆಗೆ ಬೀಗ ಬೀಳುತ್ತದೆ, ಪುಸ್ತಕ ಸುಡುತ್ತಾರೆ, ಮೇಷ್ಟ್ರು ಉದಯನ್ ಪಂಡಿತ ಗುಡ್ಡಕ್ಕೆ ಓಡಿ ಅಡಗುತ್ತಾನೆ. ನಮ್ಮ ವಿಡಂಬನೆಯ ವೈಜ್ಞಾನಿಕ ಚಿತ್ರಗಳಲ್ಲಿ ಇದಕ್ಕೆ ಸಮನಾದದ್ದು ನನ್ನ ಕಣ್ಣಿಗೆ ಬಿದ್ದಿಲ್ಲ.

ಮನೆಗೆ ಹೋಗಿ ಸಬ್‌ಟೈಟಲ್ ಹಾಕಿಕೊಂಡು ಮತ್ತೆ ನೋಡಿದೆ. ಕತೆ ತಿಳಿಯಿತು, ಆದರೆ ಆ ಮನೆಯವರು ಯಾಕೆ ಅಷ್ಟು ನಕ್ಕರೆಂದು ತಿಳಿಯಲಿಲ್ಲ. ಡಿವಿಡಿ ಕಾಲದಲ್ಲಿ ಸಿನಿಮಾದ ಜೊತೆ ಬೋನಸ್ ಎಂದು ತಯಾರಿಕೆಯ ಕತೆ, ನಿರ್ದೇಶಕರ ಮಾತು ಬರುತ್ತಿತ್ತಲ್ಲ? ನನಗೆ ಆ ಬೋನಸ್ ಸಿಕ್ಕಿದ್ದು ಎದುರುಮನೆ ಅಜ್ಜನಿಂದ, ಕೆಲವು ಸಂಜೆಗಳ ಚಹಾದ ಜೊತೆ.

ಬೋನಸ್ ಒಂದು: ದಕ್ಷಿಣದ ಭೂತಗಳು

ಮೊದಲ ಚಿತ್ರದ ಭೂತ ನೃತ್ಯವನ್ನು ಕಣ್ಣು ಮುಚ್ಚಿ ಕೇಳಿ. ಮೃದಂಗ, ಘಟ, ಖಂಜಿರ, ಮೋರ್ಸಿಂಗ್! ರಾಮನವಮಿ ಪೆಂಡಾಲಿನಲ್ಲಿ ನಾವು ಕೇಳಿ ಬೆಳೆದ ತಾಳವಾದ್ಯ ಕಚೇರಿಯನ್ನೇ ರಾಯ್ ಬಂಗಾಳಿ ಭೂತಗಳ ಕಾಲಿಗೆ ಕಟ್ಟಿದ್ದಾರೆ.

ಬೋನಸ್ ಎರಡು: ಕೆಂಪು ಖಾತೆ ಪುಸ್ತಕ

ಅಂಗಡಿಯವರು ಲೆಕ್ಕ ಬರೆಯುವ ಕೆಂಪು ಬಟ್ಟೆಯ ರಟ್ಟಿನ ಪುಸ್ತಕಕ್ಕೆ ಇಲ್ಲಿ ‘ಖೇರೋರ್ ಖಾತಾ’ ಎನ್ನುತ್ತಾರೆ. ರಾಯ್ ಚಿತ್ರಕತೆ ಬರೆದದ್ದು ಅಂಥ ಪುಸ್ತಕಗಳಲ್ಲಿ. ಸಂಭಾಷಣೆಯ ಪಕ್ಕದಲ್ಲೇ ದೃಶ್ಯದ ಚಿತ್ರ, ಸೆಟ್ಟು, ಉಡುಪು, ಕಿರೀಟ. ಈ ಚಿತ್ರದ ಹಾಡು ಬರೆದವರೂ ಸಂಗೀತ ಕೊಟ್ಟವರೂ ಅವರೇ.

ಬೋನಸ್ ಮೂರು: ಬಂಡೆ ಮತ್ತು ಜೈಲು

ಮೇಷ್ಟ್ರು ಅಡಗುವ ಗುಡ್ಡ ಪುರುಲಿಯಾ ಜಿಲ್ಲೆಯ ಜಯಚಂಡಿ ಪಹಾಡ್. ‘ಶೋಲೆ’ಯಿಂದ ನಮ್ಮ ರಾಮನಗರದ ಬಂಡೆಗಳಿಗೆ ಬಂದ ಹೆಸರೇ ಇದರಿಂದ ಅದಕ್ಕೂ ಬಂದಿದೆ. ಸರ್ವಾಧಿಕಾರಿ ರಾಜನ ಪಾತ್ರದ ಉತ್ಪಲ್ ದತ್ 1965ರಲ್ಲಿ ವಿಚಾರಣೆಯಿಲ್ಲದೆ ಜೈಲಿನಲ್ಲಿ ಕೂತಿದ್ದವರು. ಅತಿಥಿಗಳು ಬರುವ ಮುಂಚೆ ಬಡವರನ್ನು ಕಣ್ಣಿಗೆ ಬೀಳದಂತೆ ಅಟ್ಟುವ ದೃಶ್ಯ ತುರ್ತುಪರಿಸ್ಥಿತಿಯ ಕಾಲದ ದೆಹಲಿಯದೇ ಎಂದು ರಾಯ್ ಸಂದರ್ಶನದಲ್ಲಿ ಒಪ್ಪಿಕೊಂಡಿದ್ದಾರೆ. ಚಿತ್ರದ ನಿರ್ಮಾಪಕರು ಯಾರು ಗೊತ್ತೇ? ಪಶ್ಚಿಮ ಬಂಗಾಳ ಸರ್ಕಾರ!

ಕೊನೆಯ ಬೋನಸ್ಸೇ ಬೀಗದ ಕೈ. ಅಜ್ಜ ಕೇಳಿದರು, “ಇಡೀ ಚಿತ್ರದಲ್ಲಿ ಪ್ರಾಸವಿಲ್ಲದೆ ಮಾತಾಡುವವನು ಯಾರು ಹೇಳು?” ನನಗೆ ಗೊತ್ತಾಗಿರಲಿಲ್ಲ. ರಾಜ, ಮಂತ್ರಿ, ವಿಜ್ಞಾನಿ, ಕೊನೆಗೆ ಗೂಪಿ-ಬಾಘಾ ಕೂಡ ಪ್ರಾಸ ಕಟ್ಟಿಯೇ ಮಾತಾಡುತ್ತಾರೆ. ಮೇಷ್ಟ್ರು ಮಾತ್ರ ಸಾದಾ ಗದ್ಯದಲ್ಲಿ. ಯಂತ್ರದ ಮಂತ್ರವೂ ಪ್ರಾಸವೇ ಅಲ್ಲವೇ? ಹಾಗಾದರೆ ಆ ಕೋಣೆಗೆ ಹೋಗದವರ ನಾಲಗೆಯೂ ಆಗಲೇ ಅರ್ಧ ತೊಳೆದಿದೆ. ಸಬ್‌ಟೈಟಲ್ ಅರ್ಥವನ್ನು ದಾಟಿಸಿತ್ತು, ಚಿತ್ರದ ಮುಖ್ಯ ಮಾತನ್ನು ಇಲ್ಲೇ ಬಿಟ್ಟಿತ್ತು.

ನನಗೆ ಮಂಜೇಶ್ವರದ ಗೋವಿಂದ ಪೈಗಳು ನೆನಪಾದರು. 1911ರಲ್ಲಿ ಅವರು ದ್ವಿತೀಯಾಕ್ಷರ ಪ್ರಾಸವನ್ನು ಬಿಟ್ಟಾಗ ಪಂಡಿತರು ಸಿಟ್ಟಾದ ಕತೆ ಕನ್ನಡ ತರಗತಿಯಲ್ಲಿ ಕೇಳಿದ್ದೆ. ಅಕ್ಷರದ ಹಂಗು ಕಳಚಿದರೆ ಯೋಚನೆಗೆ ಜಾಗವಾಗುತ್ತದೆ ಎಂಬುದು ಅಂದು ಪರೀಕ್ಷೆಯ ಉತ್ತರವಾಗಿತ್ತು. ಅದು ಅರ್ಥವಾದದ್ದು ಇಲ್ಲಿ, ಬಂಗಾಳಿ ಸೋಫಾದ ಮೇಲೆ.

ಚಿತ್ರದ ಕೊನೆಯಲ್ಲಿ ರಾಜನನ್ನೇ ಅದೇ ಕೋಣೆಗೆ ತಳ್ಳುತ್ತಾರೆ. ಅವನು ಹೊರಬಂದು ಜನರ ಜೊತೆ ಹಗ್ಗ ಹಿಡಿದು ತನ್ನದೇ ಪ್ರತಿಮೆಯನ್ನು ಉರುಳಿಸುತ್ತಾನೆ. ಆಗ ಅವನ ಬಾಯಲ್ಲಿರುವುದೂ ಪ್ರಾಸವೇ! “ಯಂತ್ರವನ್ನು ಮಾತ್ರ ಯಾರೂ ಒಡೆಯಲಿಲ್ಲವಲ್ಲ?” ಎಂದೆ. ಅಜ್ಜ ನಕ್ಕರು. “ಅದಕ್ಕೇ ಇಲ್ಲಿ ಯಾವ ಪಕ್ಷ ಗದ್ದುಗೆಗೆ ಬಂದರೂ ಎದುರಿನವರು ಹೀರಕ ರಾಜ ಅಂತ ಕೂಗುವುದು.”

ಪರಊರಿನಲ್ಲಿ ನಾವು ಮೊದಲು ಕಲಿಯುವುದೂ ಪ್ರಾಸಗಳನ್ನೇ: ಜಾಹೀರಾತಿನ ಸಾಲು, ಚುನಾವಣೆಯ ಘೋಷಣೆ, ಪೆಂಡಾಲಿನ ಹಾಡು. ಅರ್ಥ ಗೊತ್ತಿಲ್ಲದೆಯೂ ಬಾಯಿಗೆ ಬರುತ್ತವೆ. ಬಿಡಿಸಿ ಹೇಳುವ ಗದ್ಯ ನಿಧಾನವಾಗಿ, ಯಾರದೋ ಮನೆಯ ಚಹಾದ ಜೊತೆ ಬರಬೇಕು. ಈ ಚಿತ್ರ ನೋಡುವುದಾದರೆ ಒಬ್ಬರೇ ನೋಡಬೇಡಿ. ಎದುರುಮನೆ ಬಾಗಿಲು ತಟ್ಟಿ, ಅರ್ಥವಾಗದ ಕಡೆ ನಿಲ್ಲಿಸಿ ಕೇಳಿ.