ಎಳೆದರೆ ಸಾಲದು, ನಿಲ್ಲಿಸಲೂ ಬೇಕು: ಟ್ರೇಲರ್, ಕ್ಯಾರಿಯರ್ ಬಗ್ಗೆ ಕೆಲವು ತಪ್ಪು ಕಲ್ಪನೆ

“ಎಂಜಿನ್‌ಗೆ ದಮ್ ಇದ್ದರೆ ಎಷ್ಟು ಬೇಕಾದರೂ ಎಳೆಯುತ್ತೆ.” ಟ್ರ್ಯಾಕ್ಟರ್ ಕೊಳ್ಳಲು ಹೋದವರು ಮೊದಲು ಕೇಳುವುದೇ ಎಷ್ಟು ಎಚ್‌ಪಿ ಎಂದು. ಹಿಂದೆ ಟ್ರೇಲರ್ ಕಟ್ಟುವವರು ಅದರ ಜೊತೆ ಇನ್ನೊಂದನ್ನೂ ಕೇಳಬೇಕು: ತುಂಬಿದ ಟ್ರೇಲರನ್ನು ಇಳಿಜಾರಿನಲ್ಲಿ ಇದು ನಿಲ್ಲಿಸುತ್ತದೆಯೇ? ನಮ್ಮ ಬಹುತೇಕ ಟ್ರ್ಯಾಕ್ಟರುಗಳಿಗೆ ಬ್ರೇಕ್ ಇರುವುದು ಹಿಂದಿನ ಎರಡು ಗಾಲಿಗಳಿಗೆ ಮಾತ್ರ. ಊರಿನ ಟ್ರೇಲರುಗಳಲ್ಲಿ ಹೆಚ್ಚಿನವಕ್ಕೆ ಸ್ವಂತ ಬ್ರೇಕೇ ಇರುವುದಿಲ್ಲ. ಟ್ರ್ಯಾಕ್ಟರಿನ ತೂಕಕ್ಕಿಂತ ಎಷ್ಟೋ ಪಟ್ಟು ಹೆಚ್ಚಿನ ಕಬ್ಬನ್ನು ತಡೆದು ನಿಲ್ಲಿಸುವ ಭಾರವೆಲ್ಲ ಆ ಎರಡು ಗಾಲಿಗಳ ಮೇಲೆಯೇ ಬೀಳುತ್ತದೆ. ಬಯಲು ರಸ್ತೆಯಲ್ಲಿ ಸಲೀಸಾಗಿ ಬಂದ ಟ್ರೇಲರ್ ಇಳಿಜಾರಿನಲ್ಲಿ ಟ್ರ್ಯಾಕ್ಟರನ್ನೇ ಮುಂದಕ್ಕೆ ದೂಡತೊಡಗುತ್ತದೆ. ತಿರುವಿನಲ್ಲಿ ಹೀಗಾದರೆ ಎರಡೂ ಕೊಕ್ಕೆಯ ಬಳಿ ಮಡಚಿಕೊಂಡು ಅಡ್ಡ ಬೀಳುತ್ತವೆ. ಡೀಸೆಲ್ ಉಳಿಯಲಿ ಎಂದು ಇಳಿಜಾರಿನಲ್ಲಿ ನ್ಯೂಟ್ರಲ್‌ಗೆ ಹಾಕುವವರು ಎಂಜಿನ್ ಕೊಡುವ ತಡೆಯನ್ನೂ ಕಳೆದುಕೊಳ್ಳುತ್ತಾರೆ. ಇಳಿಜಾರು ಶುರುವಾಗುವ ಮೊದಲೇ ಕೆಳಗಿನ ಗೇರ್‌ಗೆ ಬರಬೇಕು.

ಟ್ರ್ಯಾಕ್ಟರಿನಲ್ಲಿ ಚಾಲಕನ ಬಲಗಾಲಿನ ಹತ್ತಿರ ಬ್ರೇಕ್ ಪೆಡಲ್ ಎರಡಿರುತ್ತವೆ, ಒಂದೊಂದು ಹಿಂಗಾಲಿಗೆ ಒಂದೊಂದು. ಬದುವಿನ ಬಳಿ ಸಣ್ಣ ಜಾಗದಲ್ಲಿ ತಿರುಗಿಸುವಾಗ ಒಂದನ್ನೇ ಒತ್ತಿದರೆ ಗಾಡಿ ಗಿರಕ್ಕನೆ ತಿರುಗಲಿ ಎಂದು ಈ ಏರ್ಪಾಡು. ಎರಡನ್ನೂ ಜೋಡಿಸಲು ಅಲ್ಲೇ ಒಂದು ಚಿಕ್ಕ ಕಬ್ಬಿಣದ ಪಟ್ಟಿ ಇದೆ. ರಸ್ತೆಗೆ ಬಂದ ಕೂಡಲೇ ಅದನ್ನು ಹಾಕಬೇಕು. ಹಾಕದೆ ಬಂದು, ಗಾಬರಿಯಲ್ಲಿ ಕಾಲು ಒಂದೇ ಪೆಡಲಿನ ಮೇಲೆ ಬಿದ್ದರೆ ಒಂದೇ ಗಾಲಿ ಕಚ್ಚಿಕೊಂಡು ಟ್ರ್ಯಾಕ್ಟರ್ ಅಡ್ಡ ತಿರುಗುತ್ತದೆ. ಹಿಂದಿನ ಭಾರ ಅದನ್ನು ಮಗುಚುತ್ತದೆ. ಒಂದು ಕ್ಷಣದ ಈ ಕೆಲಸವನ್ನು ಎಷ್ಟೋ ಚಾಲಕರಿಗೆ ಯಾರೂ ಹೇಳಿಕೊಟ್ಟೇ ಇರುವುದಿಲ್ಲ.

ಎಲ್ಲಕ್ಕಿಂತ ಅಪಾಯದ ನಂಬಿಕೆ, “ಸರಪಳಿ ಎಲ್ಲಿ ಕಟ್ಟಿದರೇನು, ಗಟ್ಟಿಯಾಗಿದ್ದರೆ ಆಯಿತು” ಎನ್ನುವುದು. ಟ್ರೇಲರ್ ಕಟ್ಟುವ ಡ್ರಾಬಾರನ್ನು ಹಿಂದಿನ ಅಚ್ಚಿಗಿಂತ ಕೆಳಗೆ ಇಟ್ಟಿರುವುದಕ್ಕೆ ಕಾರಣವಿದೆ. ಟ್ರೇಲರ್ ಕೆಸರಿನಲ್ಲಿ ಹೂತಾಗ ಕೆಲವರು ಸರಪಳಿಯನ್ನು ಅಚ್ಚಿಗೋ, ಅದಕ್ಕೂ ಮೇಲಿನ ಟಾಪ್ ಲಿಂಕ್ ಜಾಗಕ್ಕೋ ಸುತ್ತಿ ಕ್ಲಚ್ ಬಿಡುತ್ತಾರೆ. ಹಿಂಗಾಲಿ ಉರುಳಲಾಗದೆ ನಿಂತರೆ ಎಂಜಿನ್ನಿನ ಬಲ ಟ್ರ್ಯಾಕ್ಟರಿನ ಒಡಲನ್ನೇ ಅಚ್ಚಿನ ಸುತ್ತ ತಿರುಗಿಸುತ್ತದೆ. ಮೂತಿ ಮೇಲೆದ್ದು, ಒಂದೆರಡು ಸೆಕೆಂಡಿನಲ್ಲಿ ಇಡೀ ಯಂತ್ರ ಹಿಂದಕ್ಕೆ ಮಗುಚಿ ಚಾಲಕನ ಮೇಲೆ ಬೀಳುತ್ತದೆ. ಕ್ಲಚ್ ಒತ್ತುವಷ್ಟು ಹೊತ್ತೂ ಸಿಗುವುದಿಲ್ಲ. ಡ್ರಾಬಾರಿಗೆ ಕಟ್ಟಿದಾಗ ಹಾಗಲ್ಲ: ಮುಂಗಾಲಿ ಎದ್ದಂತೆಲ್ಲ ಡ್ರಾಬಾರ್ ನೆಲದತ್ತ ಇಳಿಯುತ್ತದೆ, ಎತ್ತುವ ಬಲ ತಾನಾಗಿ ಕುಗ್ಗುತ್ತದೆ. ಕಬ್ಬು ತುಂಬಿದ ಟ್ರೇಲರ್ ಎಳೆಯುತ್ತ ಮುಂಗಾಲಿಗಳನ್ನು ಗಾಳಿಯಲ್ಲಿ ಎತ್ತಿ ಹೋಗುವ ಟ್ರ್ಯಾಕ್ಟರಿನ ವಿಡಿಯೊಗಳಿಗೆ ನಾವು ಶಿಳ್ಳೆ ಹೊಡೆಯುತ್ತೇವೆ. ಮುಂಗಾಲಿ ನೆಲ ಬಿಟ್ಟ ಕ್ಷಣದಿಂದ ಸ್ಟೀರಿಂಗ್ ಕೆಲಸ ಮಾಡುವುದಿಲ್ಲ. ಅದನ್ನು ಸಾಹಸ ಎಂದು ಮೆಚ್ಚುವುದು ನನಗಂತೂ ಸರಿ ಕಾಣುವುದಿಲ್ಲ.

ಇನ್ನು, ಒಟ್ಟು ತೂಕ ಮಿತಿಯಲ್ಲಿದ್ದರೆ ಹೇಗೆ ತುಂಬಿದರೂ ನಡೆಯುತ್ತದೆ ಎಂಬ ಮಾತು. ಎತ್ತಿನ ಗಾಡಿ ಹೂಡಿದವರಿಗೆ ಇದು ಹೊಸದಲ್ಲ: ಹಿಂಭಾರವಾದರೆ ನೊಗ ಎತ್ತಿನ ಕುತ್ತಿಗೆಯನ್ನು ಮೇಲಕ್ಕೆತ್ತುತ್ತದೆ, ಮುಂಭಾರವಾದರೆ ಅದುಮುತ್ತದೆ. ಎರಡು ಗಾಲಿಯ ಟ್ರೇಲರಿನಲ್ಲೂ ಅಷ್ಟೇ. ಭಾರ ಹಿಂದಕ್ಕೆ ವಾಲಿದರೆ ಕೊಕ್ಕೆ ಮೇಲಕ್ಕೆ ತಳ್ಳಿ ಎಳೆಯುವ ಗಾಡಿಯ ಹಿಂಗಾಲಿಗಳ ಹಿಡಿತ ಸಡಿಲವಾಗುತ್ತದೆ. ವೇಗ ಹೆಚ್ಚಿದಾಗ ಟ್ರೇಲರ್ ಬಾಲ ಬೀಸತೊಡಗುತ್ತದೆ. ಅಮೆರಿಕದಲ್ಲಿ ಕಾರಿನ ಹಿಂದೆ ದೋಣಿಯನ್ನೋ ಸಾಮಾನಿನ ಟ್ರೇಲರನ್ನೋ ಕಟ್ಟುವವರಿಗೆ ಇದಕ್ಕೊಂದು ಲೆಕ್ಕ ಕಲಿಸುತ್ತಾರೆ: ತುಂಬಿದ ಟ್ರೇಲರಿನ ತೂಕದ ಶೇ 10ರಿಂದ 15ರಷ್ಟು ಕೊಕ್ಕೆಯ ಮೇಲೆ ಕೂರಬೇಕು. 700 ಕೆ.ಜಿ. ಟ್ರೇಲರಿಗೆ ಅದು 70ರಿಂದ 105 ಕೆ.ಜಿ. ಅಲ್ಲಿರುವ ನಮ್ಮವರೂ ಹಿಚ್ ಮೇಲೆ ಅಚ್ಚೊತ್ತಿದ ತೂಕವೇ ಕೊನೆಯ ಮಾತು ಎಂದುಕೊಳ್ಳುವುದುಂಟು. ಕಾರು, ಹಿಚ್, ಅದರ ಗುಂಡು, ಟ್ರೇಲರಿನ ಹಿಡಿ, ಇವಕ್ಕೆ ಒಂದೊಂದಕ್ಕೂ ಬೇರೆ ಬೇರೆ ಮಿತಿ ಇದೆ. ಎಲ್ಲಕ್ಕಿಂತ ಚಿಕ್ಕ ಅಂಕಿಯೇ ನಿಮ್ಮ ಮಿತಿ.

ಕಾರಿನ ಬಂಪರಿನ ಪುಟ್ಟ ಮುಚ್ಚಳ ತೆಗೆದು ತಿರುಪಿ ಕೂರಿಸುವ ಉಂಗುರವೂ ಟ್ರೇಲರಿಗಲ್ಲ. ಅದು ಕೆಟ್ಟು ನಿಂತ ಕಾರನ್ನು ಮೆಲ್ಲಗೆ ಎಳೆದೊಯ್ಯಲು ಇಟ್ಟದ್ದು. ಟ್ರೇಲರಿಗೆ ಕಾಗದಪತ್ರ ಬೇಡ ಎಂಬುದೂ ತಪ್ಪು. ಕಾನೂನಿನ ಕಣ್ಣಿನಲ್ಲಿ ಟ್ರೇಲರೂ ಒಂದು ಮೋಟಾರು ವಾಹನವೇ, ಅದಕ್ಕೆ ತನ್ನದೇ ನೋಂದಣಿ ಸಂಖ್ಯೆ ಇರಬೇಕು.

ಕಾರಿನ ಮಾಡಿನ ಮೇಲೆ ಉದ್ದಕ್ಕೆ ಹೊಳೆಯುವ ಎರಡು ಕಂಬಿಗಳನ್ನು ನೋಡಿ, ಇವು ಇರುವುದೇ ಸಾಮಾನು ಕಟ್ಟಲು ಎಂದು ಎಲ್ಲರೂ ತಿಳಿಯುತ್ತಾರೆ. ನಮ್ಮಲ್ಲಿ ಮಾರುವ ಹಲವು ಕಾರುಗಳಲ್ಲಿ ಅವು ಬರೀ ಅಲಂಕಾರ. ಭಾರ ಹೊರುವ ಕಂಬಿಯೇ ಆದರೂ ಮಿತಿ ಸಣ್ಣದು. ಸಾಮಾನ್ಯವಾಗಿ 50ರಿಂದ 100 ಕೆ.ಜಿ., ಅದರಲ್ಲಿ ಕ್ಯಾರಿಯರಿನ ತೂಕವೂ ಸೇರಿತು. 50 ಕೆ.ಜಿ. ಮಿತಿಯ ಕಾರಿನ ಮೇಲೆ 25 ಕೆ.ಜಿ.ಯ ಎರಡು ಅಕ್ಕಿ ಮೂಟೆ ಇಟ್ಟರೆ ಕ್ಯಾರಿಯರಿನಷ್ಟು ಮಿತಿ ಮೀರಿದಂತೆಯೇ. ನಿಂತ ಕಾರಿನ ಮೇಲೆ ಇಬ್ಬರು ಕೂತರೂ ಏನೂ ಆಗಲಿಲ್ಲ ಎಂಬ ವಾದ ನಿಲ್ಲುವುದಿಲ್ಲ. ಓಡುವಾಗ ಗುಂಡಿ, ತಿರುವು, ಬ್ರೇಕು ಒಂದೊಂದೂ ಆ ಭಾರವನ್ನು ಜಗ್ಗುತ್ತವೆ. ಭಾರ ಮೇಲಿದ್ದಷ್ಟೂ ಕಾರು ತಿರುವಿನಲ್ಲಿ ವಾಲುತ್ತದೆ. ಆಗುಂಬೆ ಘಾಟಿಯ 14 ಹಿಮ್ಮುರಿ ತಿರುವುಗಳಲ್ಲಿ ಇಳಿಯುವಾಗ ಇದು ಚೆನ್ನಾಗಿ ಗೊತ್ತಾಗುತ್ತದೆ. ಅಕ್ಕಿ ಮೂಟೆ ಡಿಕ್ಕಿಯೊಳಗೆ, ಹಗುರವಾದ ಹಾಸಿಗೆ ಮಾಡಿನ ಮೇಲೆ: ಇದೇ ಸರಿಯಾದ ಕ್ರಮ. ಖಾಲಿ ಕ್ಯಾರಿಯರಿನಿಂದ ನಷ್ಟವಿಲ್ಲ ಎಂಬುದೂ ನಿಜವಲ್ಲ. ವೇಗ ದುಪ್ಪಟ್ಟಾದರೆ ಗಾಳಿಯ ತಡೆ ನಾಲ್ಕು ಪಟ್ಟಾಗುತ್ತದೆ. ಹೆದ್ದಾರಿಯಲ್ಲಿ ಅದಕ್ಕೆ ಪೆಟ್ರೋಲ್ ತೆರಬೇಕು. ಡಿಕ್ಕಿಗೆ ಬೆಲ್ಟ್ ಬಿಗಿದು ಸೈಕಲ್ ಒಯ್ಯುವವರು ನಂಬರ್ ಪ್ಲೇಟ್ ಮತ್ತು ಹಿಂದಿನ ದೀಪ ಮುಚ್ಚದಂತೆ ನೋಡಿಕೊಳ್ಳಬೇಕು.

ದೀಪದ ಮಾತು ಬಂದಾಗ ಕಬ್ಬಿನ ಟ್ರೇಲರನ್ನು ಬಿಡುವಂತಿಲ್ಲ. ಹೊರಕ್ಕೆ ಚಾಚಿದ ಕಬ್ಬು, ಜೋತು ಬಿದ್ದ ರವದಿ ಹಿಂದಿನ ದೀಪವನ್ನೂ ರಿಫ್ಲೆಕ್ಟರನ್ನೂ ಮುಚ್ಚಿಬಿಡುತ್ತವೆ. ಕತ್ತಲಲ್ಲಿ ಹಿಂದಿನಿಂದ ಬರುವ ಬೈಕಿನವನಿಗೆ ಕೊನೆಯ ಗಳಿಗೆಯವರೆಗೂ ಏನೂ ಕಾಣುವುದಿಲ್ಲ. ಟ್ರೇಲರಿಗೆ ರಿಫ್ಲೆಕ್ಟರ್ ಇದೆಯಲ್ಲ ಎಂದು ಸುಮ್ಮನಾಗಬೇಡಿ. ಕಬ್ಬು ಹೇರಿ ಮುಗಿದ ಮೇಲೆ, ಹೊರೆಯ ಕಟ್ಟಕಡೆಯ ಅಂಚಿಗೆ ಒಂದು ಕೆಂಪು ರಿಫ್ಲೆಕ್ಟರ್ ಪಟ್ಟಿ ಕಟ್ಟಿ. ಕೊಕ್ಕೆಯ ಪಿನ್ನಿಗೆ ಲಾಕ್ ಹಾಕಿದೆಯೇ, ಎರಡು ಪೆಡಲ್ ಜೋಡಿಸಿದೆಯೇ ನೋಡಿ, ಆಮೇಲೆ ರಸ್ತೆಗಿಳಿಯಿರಿ. ಸಕ್ಕರೆ ಕಾರ್ಖಾನೆಯವರು ಗೇಟಿನಲ್ಲಿ ತೂಕದ ಚೀಟಿಯ ಜೊತೆಗೆ ಇವನ್ನೂ ನೋಡುವಂತಾಗಲಿ.