ವಿಕಲಚೇತನರ ವಿವಾಹ: ಪಿಂಚಣಿ ಹಾಗೂ ತೆರಿಗೆಯ ಲೆಕ್ಕಾಚಾರ

ವಿಕಲಚೇತನ ಮಗಳಿಗೆ ಒಳ್ಳೆಯ ಸಂಬಂಧ ಕೂಡಿಬಂದಾಗ ಹೆತ್ತವರಲ್ಲಿ ಸಂತೋಷದ ಜತೆಗೆ ಅಳುಕೂ ಮೂಡುವುದು ಸಹಜ. ಮದುವೆಯಾದರೆ ಸರಕಾರದ ನೆರವು ನಿಂತುಹೋಗುವುದೇ? ತಂದೆಗೆ ದೊರೆಯುತ್ತಿದ್ದ ತೆರಿಗೆ ರಿಯಾಯಿತಿ ಏನಾಗುವುದು? ಒಟ್ಟಾರೆ ಹೇಳುವುದಾದರೆ, ವ್ಯಕ್ತಿಯ ವೈಕಲ್ಯಕ್ಕಾಗಿಯೇ ಇರುವ ಸವಲತ್ತು ಮದುವೆಯಿಂದ ತಪ್ಪುವುದಿಲ್ಲ; ಅವಲಂಬನೆಯನ್ನೋ ಕುಟುಂಬದ ಆದಾಯವನ್ನೋ ನೋಡಿ ಕೊಡುವ ಸವಲತ್ತು ಮಾತ್ರ ಬದಲಾಗುತ್ತದೆ.

ಮೊದಲು ಆದಾಯ ತೆರಿಗೆಯ ವಿಚಾರ. 1961ರ ಕಾಯಿದೆಯ 80ಯು ಕಲಮಿನಂತೆ ಶೇ. 40ಕ್ಕಿಂತ ಕಡಿಮೆಯಿಲ್ಲದ ವೈಕಲ್ಯವುಳ್ಳವರಿಗೆ ತಮ್ಮ ಆದಾಯದಲ್ಲಿ 75,000 ರೂಪಾಯಿ, ಶೇ. 80 ಅಥವಾ ಅದಕ್ಕೂ ಮೇಲ್ಪಟ್ಟ ತೀವ್ರ ವೈಕಲ್ಯವಿದ್ದರೆ 1,25,000 ರೂಪಾಯಿ ಕಡಿತವುಂಟು. ಇದಕ್ಕೆ ಮದುವೆ ಅಡ್ಡಿಯಲ್ಲ. 80ಡಿಡಿ ಕಲಮಿನಲ್ಲಿ ಇಷ್ಟೇ ಮೊತ್ತದ ಕಡಿತ ಆಕೆಯನ್ನು ಪೋಷಿಸುವವರಿಗೆ ಸಲ್ಲುತ್ತದೆ. ಡೊಂಬಿವಲಿಯ ತಂದೆಯ ಆಶ್ರಯದಲ್ಲಿದ್ದ ಮಗಳು ಮದುವೆಯಾಗಿ ಮುಲುಂಡಿನ ಗಂಡನ ಮನೆ ಸೇರಿ ಅಲ್ಲಿಯೇ ಅವಲಂಬಿತಳಾದರೆ, ಆ ಕಡಿತವನ್ನು ಕೇಳಬೇಕಾದವರು ಗಂಡನೇ ಹೊರತು ತಂದೆಯಲ್ಲ. ಆಕೆ ತಾನೇ 80ಯು ಬಳಸಿಕೊಂಡರೆ ಅವಳ ಹೆಸರಿನಲ್ಲಿ ಬೇರೆಯವರಿಗೆ 80ಡಿಡಿ ಸಿಗದು. ಇವೆರಡೂ ಹಳೆಯ ತೆರಿಗೆ ಪದ್ಧತಿಯಲ್ಲಿ ಮಾತ್ರ ಲಭ್ಯ. ಆದುದರಿಂದ ಎರಡೂ ಪದ್ಧತಿಗಳನ್ನು ತುಲನೆ ಮಾಡಿ ನೋಡುವುದು ಅಗತ್ಯ. 2026ರ ಏಪ್ರಿಲ್ 1ರಿಂದ ಅನ್ವಯವಾಗುವ 2025ರ ಹೊಸ ಕಾಯಿದೆಯಲ್ಲಿ ಕಲಮುಗಳ ಸಂಖ್ಯೆ ಬೇರೆಯಾಗಿರುವುದನ್ನೂ ಗಮನಿಸಬೇಕು.

ಇನ್ನು ಕುಟುಂಬ ಪಿಂಚಣಿ. ಹಿಂದೆ ಕೇಂದ್ರ ಸರಕಾರಿ ನೌಕರರ ವಿಕಲಚೇತನ ಮಕ್ಕಳಿಗೆ ಮದುವೆಯಾದೊಡನೆ ಇದು ನಿಲ್ಲುತ್ತಿತ್ತು. 2013ರ ಜನವರಿಯ ಆದೇಶದ ಬಳಿಕ ಮದುವೆಯಾದರೂ ಮುಂದುವರಿಯುತ್ತದೆ. ಆದರೆ ಆದಾಯದ ಮಿತಿಯಿದೆ. 2021ರ ನಿಯಮದಂತೆ ಕುಟುಂಬ ಪಿಂಚಣಿ ಬಿಟ್ಟು ಆಕೆಯ ಇತರ ಆದಾಯವು, ನೌಕರರು ಕೊನೆಯದಾಗಿ ಪಡೆದ ವೇತನದ ಶೇ. 30 ಹಾಗೂ ಅದರ ಮೇಲಿನ ತುಟ್ಟಿ ಪರಿಹಾರ ಸೇರಿದ ಮೊತ್ತಕ್ಕಿಂತ ಕಡಿಮೆಯಿರಬೇಕು.

ಮಹಾರಾಷ್ಟ್ರ ಸರಕಾರದ ಸಂಜಯ ಗಾಂಧಿ ನಿರಾಧಾರ ಅನುದಾನ ಯೋಜನೆಯಲ್ಲಿ ಮಾತ್ರ ಮದುವೆಯ ಪರಿಣಾಮ ನೇರವಾದುದು. ವಿಕಲಚೇತನರಿಗೆ 2025ರ ಅಕ್ಟೋಬರಿನಿಂದ ತಿಂಗಳಿಗೆ 2,500 ರೂಪಾಯಿ ನಿಗದಿಯಾಗಿರುವ ಈ ನೆರವಿಗೆ ಕುಟುಂಬದ ವಾರ್ಷಿಕ ಆದಾಯ 50,000 ರೂಪಾಯಿ ಮೀರಬಾರದು. ತಿಂಗಳಿಗೆ ನಾಲ್ಕು ಸಾವಿರದಷ್ಟು ದುಡಿಯುವ ಸಂಗಾತಿಯಿದ್ದರೂ ಮಿತಿ ಮುಟ್ಟಿದಂತೆಯೇ. ಮುಂಬಯಿಯಂಥ ನಗರದಲ್ಲಿ ಈ ಮಿತಿ ತೀರಾ ಕಡಿಮೆಯೆಂಬುದನ್ನು ಹೇಳಲೇಬೇಕು.

ಮದುವೆಯಿಲ್ಲದೆ ಒಂದೇ ಸೂರಿನಡಿ ಬಾಳುವ ಜೋಡಿಗಳಿಗೆ ಕಾಯಿದೆ ಏನೆನ್ನುತ್ತದೆ? 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯಿದೆಯು ವಿವಾಹಸದೃಶ ಸಂಬಂಧದಲ್ಲಿರುವ ಸ್ತ್ರೀಗೂ ರಕ್ಷಣೆ ನೀಡುತ್ತದೆ. ಆದರೆ ತೆರಿಗೆ ಕಾಯಿದೆಯ ಅವಲಂಬಿತರ ಪಟ್ಟಿಯಲ್ಲಿ ಪತಿ-ಪತ್ನಿ, ಮಕ್ಕಳು, ತಂದೆ-ತಾಯಿ, ಒಡಹುಟ್ಟಿದವರು ಇದ್ದಾರೆಯೇ ವಿನಾ ಅಂಥ ಸಂಗಾತಿಗೆ ಸ್ಥಾನವಿಲ್ಲ. ಸಂಗಾತಿಯಿಂದ ವರ್ಷಕ್ಕೆ 50,000 ರೂಪಾಯಿಗೂ ಮಿಕ್ಕಿ ಉಡುಗೊರೆಯಾಗಿ ಬಂದ ಹಣ, ಪಡೆದವರ ತೆರಿಗೆಯ ಆದಾಯಕ್ಕೆ ಸೇರುತ್ತದೆ. ಪತಿ-ಪತ್ನಿಯರ ನಡುವಿನ ಉಡುಗೊರೆಗೆ ಈ ತೆರಿಗೆಯಿಲ್ಲ.

ಮಗಳ ಭದ್ರತೆಗಾಗಿ ಮುದ್ದತು ಠೇವಣಿ ಇಡುವವರು ಇನ್ನೊಂದು ಅಂಶವನ್ನು ಅರಿತಿರಬೇಕು. ಗಂಡನು ಹೆಂಡತಿಯ ಹೆಸರಿನಲ್ಲಿಟ್ಟ ಹಣದ ಬಡ್ಡಿ ಗಂಡನ ಆದಾಯಕ್ಕೇ ಸೇರುತ್ತದೆ. ತಂದೆಯು ವಯಸ್ಕ ಮಗಳಿಗೆ ಕೊಟ್ಟ ಹಣದ ಬಡ್ಡಿ ಮಗಳದೇ ಆದಾಯ. ಆದುದರಿಂದ ತೆರಿಗೆಯ ದೃಷ್ಟಿಯಿಂದ ತಂದೆಯ ಕೊಡುಗೆಯೇ ಅನುಕೂಲಕರ. ಆದರೆ ಅದೇ ಬಡ್ಡಿ ಬೆಳೆದು ಕುಟುಂಬ ಪಿಂಚಣಿಯ ಆದಾಯ ಮಿತಿಯನ್ನು ದಾಟದಂತೆ ನೋಡಿಕೊಳ್ಳಬೇಕು.

ಮದುವೆ ನಿಶ್ಚಯವಾದೊಡನೆ ಎರಡೂ ಮನೆಯವರು ಕುಳಿತು ಯಾವ ಸವಲತ್ತು ಯಾರ ಹೆಸರಿನಲ್ಲಿದೆಯೆಂದು ಬರೆದಿಟ್ಟುಕೊಳ್ಳುವುದು ಲೇಸು. ವಿಶಿಷ್ಟ ಗುರುತಿನ ಚೀಟಿ, ವೈದ್ಯಕೀಯ ಪ್ರಮಾಣಪತ್ರಗಳು ಆಕೆಯ ಬಳಿಯೇ ಇರಲಿ. ಮಹಾನಗರಪಾಲಿಕೆಯ ವಾರ್ಡ್ ಕಚೇರಿಯಲ್ಲಿ ಮದುವೆಯನ್ನು ನೋಂದಾಯಿಸಿ, ಪಿಂಚಣಿ ಬರುವ ಬ್ಯಾಂಕಿಗೂ ತಿಳಿಸಬೇಕು. ಸವಲತ್ತು ತಪ್ಪೀತೆಂದು ಮದುವೆಯನ್ನು ಮುಂದೂಡುವುದಾಗಲಿ ಮುಚ್ಚಿಡುವುದಾಗಲಿ ಬೇಡ. ಮುಚ್ಚಿಟ್ಟು ಪಡೆದ ಹಣವನ್ನು ಮುಂದೊಂದು ದಿನ ಹಿಂದಿರುಗಿಸಬೇಕಾಗಿ ಬಂದೀತು. ತಿಳಿದು ನಡೆದರೆ ಹಕ್ಕಿನ ಹಣವೂ ಉಳಿದೀತು, ಬಾಳೂ ಹಸನಾದೀತು.