ಗಣಕಯಂತ್ರದ ಆಯುಸ್ಸು

ಗಣಕಯಂತ್ರವನ್ನು ಕೊಳ್ಳುವ ಗೃಹಸ್ಥರು ಪ್ರಾಯಶಃ ಅದರ ವೇಗವನ್ನು ವಿಚಾರಿಸುವರೇ ಹೊರತು ಆಯುಸ್ಸನ್ನು ವಿಚಾರಿಸುವುದಿಲ್ಲ. ಆ ಆಯುಸ್ಸು ಬಹುಮಟ್ಟಿಗೆ ಮದರ್‌ಬೋರ್ಡಿನ ಮೇಲಣ ಕೆಪಾಸಿಟರುಗಳೆಂಬ ಪುಟ್ಟ ಡಬ್ಬಿಗಳನ್ನು ಅವಲಂಬಿಸಿರುವುದು. ಪ್ರೊಸೆಸರಿಗೆ ಹರಿಯುವ ವಿದ್ಯುತ್ತಿನ ಏರಿಳಿತಗಳನ್ನು ಸಮಗೊಳಿಸುವುದೇ ಇವುಗಳ ಕಾರ್ಯ. ಇವುಗಳಲ್ಲಿ ದ್ರವವುಳ್ಳ ಜಾತಿಯವು ಉಷ್ಣದಿಂದ ಕ್ರಮೇಣ ಒಣಗುವುವು. ೧೦೫ ಡಿಗ್ರಿ ಸೆಲ್ಸಿಯಸ್ ಉಷ್ಣದಲ್ಲಿ ೨೦೦೦ ಗಂಟೆ ಬಾಳತಕ್ಕ ಡಬ್ಬಿಯ ಆಯುಸ್ಸು, ಪ್ರತಿ ೧೦ ಡಿಗ್ರಿ ತಗ್ಗಿದಂತೆ ಇಮ್ಮಡಿಸುತ್ತ, ೬೫ ಡಿಗ್ರಿಯಲ್ಲಿ ಸುಮಾರು ೩೨,೦೦೦ ಗಂಟೆಯಾಗುವುದು. ಆದರೆ ದ್ರವವೇ ಕಳಪೆಯಾದರೆ ತಂಪೂ ಕಾಯದು. ೨೦೦೨ರ ಸುಮಾರಿಗೆ ಅನೇಕ ದೇಶಗಳಲ್ಲಿ ಇಂತಹ ಡಬ್ಬಿಗಳು ಉಬ್ಬಿ ಸೋರಿ, ಹೊಸ ಯಂತ್ರಗಳೇ ನಿಂತುಹೋದುವು. ಆದುದರಿಂದ ವಾಚಕರು ದ್ರವವಿಲ್ಲದ ಘನ ಪಾಲಿಮರ್ ಕೆಪಾಸಿಟರುಗಳುಳ್ಳ ಯಂತ್ರವನ್ನೇ ಕೇಳಿ ಕೊಳ್ಳಲಿ. ಗಾಳಿಯಾಡುವ ಸ್ಥಳದಲ್ಲಿ ಇರಿಸಲಿ. ಫ್ಯಾನಿನ ಧೂಳನ್ನು ಆಗಾಗ ತೆಗೆಯಿಸಲಿ. ಡಬ್ಬಿಯ ತಲೆಯು ಉಬ್ಬಿದುದು ಕಂಡುಬಂದರೆ ತಡಮಾಡದೆ ಬಲ್ಲವರಿಂದ ಬದಲಾಯಿಸತಕ್ಕುದು.